ಬೋರಲು ಆನೆ

ಆ ವರ್ಷ ಚೆಸ್ ಎಲ್ಲರದ್ದೂ ಆಯಿತು. ನನಗೆ ಸಹಿಸಲಾಗದೆ ಹೋದದ್ದು ಅದೇ. ನಮ್ಮ ದೇಶದ ಗಂಡಸರ ತಂಡ, ಹೆಂಗಸರ ತಂಡ ಎರಡೂ ಹೊರದೇಶಕ್ಕೆ ಹೋಗಿ ಚಿನ್ನ ಗೆದ್ದು ಬಂದವು. ಅದಾಗಿ ಕೆಲವೇ ತಿಂಗಳಿಗೆ ಮೀಸೆ ಸರಿಯಾಗಿ ಮೂಡದ ಹುಡುಗನೊಬ್ಬ ಜಗತ್ತಿನ ಪಟ್ಟಕ್ಕೇರಿದ. ಟಿ.ವಿ.ಯಲ್ಲಿ ಬರೀ ಅದೇ. ಮಳವಳ್ಳಿಯಿಂದ ಕಿರುಗಾವಲಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರು, ಹತ್ತು ವರ್ಷದಿಂದ ನನ್ನ ಮುಖ ನೋಡುತ್ತಿದ್ದವನು, ಒಂದು ದಿನ ಟಿಕೆಟ್ ಕೊಡುತ್ತ, "ಮೇಡಂ, ನೀವೂ ಅದೇನೋ ಆಡ್ತೀರಂತಲ್ಲ, ಟಿವೀಲಿ ಬತ್ತದಲ್ಲ, ಅದು? ಕೂತ್ಕಂಡೇ ಆಡದಲ್ವಾ, ಆರಾಮು ಬುಡಿ" ಎಂದ. ನನ್ನ ಮೈ ಉರಿಯಿತು. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು?

ನಾನು ಕಿರುಗಾವಲಿನ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರು. ಮೇಷ್ಟರು ಎಂದೇ ಬರೆಯುತ್ತೇನೆ, ಟೀಚರಮ್ಮ ಎಂದರೆ ನನಗೆ ಆಗುವುದಿಲ್ಲ. ಮನೆ ಮಳವಳ್ಳಿ ಪೇಟೆಯಲ್ಲಿ. ಅಪ್ಪನೂ ಮೇಷ್ಟರೇ. ಚೆಸ್ ಕಲಿಸಿದ್ದು ಅವರು. ಅಣ್ಣನಿಗೆ ಕಲಿಸಲು ಕೂತರು, ಅವನು ಆಕಳಿಸುತ್ತಿದ್ದ, ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಾನು ಕಲಿತೆ. ಅಪ್ಪ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಯಾರಾದರೂ ಬಂದರೆ "ನನ್ನ ಮಗ ಚೆನ್ನಾಗಿ ಆಡ್ತಾನೆ, ಇವಳೂ ಆಡ್ತಾಳೆ" ಎನ್ನುತ್ತಿದ್ದರು. ಆ 'ಊ'ಕಾರ ನನ್ನ ಹೊಟ್ಟೆಯೊಳಗೆ ಇಂದಿಗೂ ಇದೆ.

ಅಪ್ಪನದೊಂದು ರೂಢಿ ಇತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು. ಚೆಸ್ಸಿನಲ್ಲಿ ಕಾಲಾಳು ಒಂದೊಂದೇ ಹೆಜ್ಜೆ ನಡೆದು ಎದುರಾಳಿಯ ಕಡೆಯ ಸಾಲು ಮುಟ್ಟಿದರೆ ಮಂತ್ರಿಯಾಗುತ್ತದೆ. ಮಂತ್ರಿ ಎಂದರೆ ನೇರಕ್ಕೂ ಓರೆಗೂ ಎಷ್ಟು ದೂರ ಬೇಕಾದರೂ ಓಡುವ ಕಾಯಿ. ಆನೆಗೆ ನೇರ ದಾರಿ ಮಾತ್ರ. ಎಲ್ಲರೂ ಆಗ ಪಕ್ಕದಲ್ಲಿ ಸತ್ತು ಬಿದ್ದ ಮಂತ್ರಿಯನ್ನು ಎತ್ತಿ ಇಡುತ್ತಾರೆ. ಅಪ್ಪ ಬಿಡುತ್ತಿರಲಿಲ್ಲ. "ಸತ್ತವರನ್ನ ಎಬ್ಬಿಸಬಾರದು. ಇವನು ದುಡಿದು ಮಂತ್ರಿಯಾದವನು, ಇವನ ಗುರುತೇ ಬೇರೆ ಇರಬೇಕು" ಎಂದು ಸತ್ತ ಆನೆಯೊಂದನ್ನು ಬೋರಲು ಹಾಕಿ ಇಡಿಸುತ್ತಿದ್ದರು. ಬೋರಲು ಆನೆ ಎಂದರೆ ಹೊಸ ಮಂತ್ರಿ. ಮಳವಳ್ಳಿಯಲ್ಲಿ ಅಪ್ಪನ ಹತ್ತಿರ ಕಲಿತವರೆಲ್ಲ ಹಾಗೇ ಆಡುತ್ತಿದ್ದರು. ನಾನೂ ಹಾಗೇ ಆಡಿದೆ, ಕಲಿಸಿದವರಿಗೂ ಹಾಗೇ ಕಲಿಸಿದೆ.

ಸರ್ಕಾರಿ ನೌಕರರಿಗೆ ವರ್ಷಕ್ಕೊಮ್ಮೆ ಮಂಡ್ಯದಲ್ಲಿ ಕ್ರೀಡಾಕೂಟ ನಡೆಯುತ್ತದೆ. ಓಟ, ಹಗ್ಗಜಗ್ಗಾಟ, ಥ್ರೋಬಾಲ್ ಎಲ್ಲದರ ಜೊತೆಗೆ ಮೂಲೆಯ ಕೋಣೆಯೊಂದರಲ್ಲಿ ಹೆಂಗಸರ ಚೆಸ್. ಸೇರುವವರು ಐದಾರು ಜನ. ಗೆದ್ದವರೊಬ್ಬರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಹದಿನೆಂಟು ವರ್ಷ ನಾನು ಆ ಕೋಣೆಗೆ ಹೋದೆ, ಹದಿನೆಂಟು ವರ್ಷವೂ ಮದ್ದೂರಿನ ಉಪನ್ಯಾಸಕಿಯೊಬ್ಬರು ನನ್ನನ್ನು ಸೋಲಿಸಿದರು. ತೆಳ್ಳಗಿನ ಹೆಂಗಸು. ಆಡುವಾಗ ಸೋಂಪು ಅಗಿಯುತ್ತಿದ್ದರು. ಸೋಲಿಸಿದ ಮೇಲೆ ನನಗೂ ನಾಲ್ಕು ಕಾಳು ಕೊಡುತ್ತಿದ್ದರು. ನಾನು ತಿನ್ನುತ್ತಿದ್ದೆ. ಅವರ ಸೀರೆ, ಅವರ ಸೋಂಪಿನ ಡಬ್ಬಿ, ಅವರು ನಡೆಯುವಾಗಿನ ಸಮಾಧಾನ ಯಾವುದನ್ನೂ ಸಹಿಸದೆ ಪ್ರತಿ ವರ್ಷ ಎರಡನೇ ಸ್ಥಾನದ ಸ್ಟೀಲ್ ಬಟ್ಟಲು ಹಿಡಿದು ಮನೆಗೆ ಬರುತ್ತಿದ್ದೆ. ಅಂಥ ಬಟ್ಟಲುಗಳಲ್ಲಿ ನಮ್ಮ ಮನೆಯಲ್ಲಿ ಪಾಯಸ ಕುಡಿಯುತ್ತಾರೆ.

ಚೆಸ್ ಎಲ್ಲರದ್ದೂ ಆದ ಆ ವರ್ಷವೇ ಮದ್ದೂರಿನವರು ನಿವೃತ್ತರಾದರು. ಸುದ್ದಿ ಕೇಳಿದ ದಿನ ನಾನು ಮನೆಯಲ್ಲಿ ಕೇಸರಿಬಾತ್ ಮಾಡಿದೆ. ಮನೆಯವರು ಏನು ವಿಶೇಷ ಎಂದರು. ಸುಮ್ಮನೆ ಎಂದೆ. ಈಗ ನನ್ನ ಸರದಿ, ಇನ್ನು ತಡೆಯುವವರು ಯಾರೂ ಇಲ್ಲ ಎಂದುಕೊಂಡಿದ್ದೆ.

ತಡೆಯುವವಳನ್ನು ನಾನೇ ಕೂರಿಸಿ ಕಲಿಸುತ್ತಿದ್ದೆ.

ಅವಳು ನಮ್ಮ ಶಾಲೆಯ ಎದುರಿನ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿ. ಊರು ಪೂರಿಗಾಲಿ. ಬೆಳಿಗ್ಗೆ ಅಲ್ಲಿಂದ ಮಳವಳ್ಳಿಗೆ ಬಂದು ನಾನು ಹತ್ತುವ ಬಸ್ಸನ್ನೇ ಹತ್ತುತ್ತಿದ್ದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮನೆಯಲ್ಲಿ ಎರಡು ಹಸು, ಅತ್ತೆ, ಗದ್ದೆ ಕೆಲಸ ಎಲ್ಲ ಮುಗಿಸಿ ಬರುವವಳು. ಸೀಟು ಸಿಕ್ಕಿದ ಕೂಡಲೇ ನಿದ್ದೆ. ಒಂದು ದಿನ ಮಕ್ಕಳಿಗೆ ಕಬ್ಬಿಣದ ಮಾತ್ರೆ ಕೊಡಲು ಶಾಲೆಗೆ ಬಂದವಳು, ಊಟದ ಬಿಡುವಿನಲ್ಲಿ ನಾನೊಬ್ಬಳೇ ಎರಡೂ ಕಡೆಯ ಕಾಯಿ ನಡೆಸುತ್ತ ಕೂತದ್ದನ್ನು ನೋಡಿದಳು.

"ಇದೇನಕ್ಕ, ನಿಮಗ್ ನೀವೇ ಸೋಲ್ತಾ ಇದ್ದೀರಿ?" ಎಂದಳು.

"ಗೆಲ್ಲುತ್ತಾನೂ ಇದ್ದೀನಲ್ಲ" ಎಂದೆ.

"ನಂಗೂ ಏಳ್ಕೊಡಿ. ಟಿವೀಲಿ ನೋಡ್ದೆ, ಏನೂ ತಿಳೀನಿಲ್ಲ. ನಮ್ಮತ್ತೆ ಅದ್ಯಾಕೆ ಇಬ್ರೂ ಅಂಗ್ ತಲೆ ಇಡ್ಕಂಡವ್ರೆ, ಮನೇಲಿ ಏನಾದ್ರೂ ಆಗದಾ ಅಂತವ್ರೆ."

ನಾನು ನಕ್ಕೆ. ಎದುರು ಕೂರಿಸಿಕೊಂಡೆ. ಮೊದಲ ಎರಡು ತಿಂಗಳು ಅದೆಷ್ಟು ಸುಖ! ಅವಳನ್ನು ಹತ್ತು ನಿಮಿಷಕ್ಕೊಮ್ಮೆ ಸೋಲಿಸುತ್ತಿದ್ದೆ. ಸೋತಾಗಲೆಲ್ಲ ಅವಳು "ಅಯ್ಯೋ ನನ್ನ ಮುಕ ಮುಚ್ಚ" ಎಂದು ಹಣೆ ಬಡಿದುಕೊಂಡು ನಗುತ್ತಿದ್ದಳು. ನಾನು ದೊಡ್ಡ ಮನುಷ್ಯಳ ಹಾಗೆ ತಪ್ಪು ತಿದ್ದುತ್ತಿದ್ದೆ. ಕಾಲಾಳು ಕಡೆಯ ಸಾಲಿಗೆ ಬಂದರೆ ಆನೆಯನ್ನು ಬೋರಲು ಹಾಕಬೇಕೆಂದು ಹೇಳಿಕೊಟ್ಟೆ. ಅಪ್ಪ ಹೇಳುತ್ತಿದ್ದ ಕಾರಣವನ್ನೂ ಹೇಳಿದೆ. ಅದು ಅವಳಿಗೆ ಬಹಳ ಇಷ್ಟವಾಯಿತು. "ಸರಿಯಾಗೇ ಏಳವ್ರೆ ನಿಮ್ಮಪ್ಪಾರು. ದುಡ್ದೋನ್ಗೆ ಬೇರೆ ಮರ್ವಾದಿ ಇರ್ಬೇಕು ಕಣಕ್ಕ" ಎಂದಳು.

ಮೂರನೇ ತಿಂಗಳು ಅವಳು ಬಸ್ಸಿನಲ್ಲಿ ನಿದ್ದೆ ಮಾಡುವುದನ್ನು ಬಿಟ್ಟಳು. ಫೋನಿನಲ್ಲಿ ಚೆಸ್ ಹಾಕಿಕೊಂಡಿದ್ದಳು. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಜನರ ಜೊತೆ ಆಡುತ್ತಿದ್ದಳು. ಹಾಲು ಕರೆದು ಬಂದ ಕೈ, ಉಗುರಿನ ಸಂದಿಯಲ್ಲಿ ಇನ್ನೂ ಬೂಸಾ, ಆ ಬೆರಳು ಪರದೆಯ ಮೇಲೆ ಸರಸರ ಓಡುತ್ತಿತ್ತು. ಬೋರಲು ಆನೆಯ ಗೊಡವೆ ಫೋನಿಗಿಲ್ಲ, ಅಲ್ಲಿ ಕಾಲಾಳು ತಾನಾಗಿಯೇ ಮಂತ್ರಿಯಾಗುತ್ತದೆ. ಅಡ್ಡಿಯಿಲ್ಲ, ಆಡಲಿ ಎಂದುಕೊಂಡೆ. ಐದನೇ ತಿಂಗಳು ಶಾಲೆಯ ಸಿಬ್ಬಂದಿ ಕೋಣೆಯಲ್ಲಿ, ಚಿತ್ರಾನ್ನದ ಡಬ್ಬಿ ಇನ್ನೂ ಮುಚ್ಚಿರುವಾಗಲೇ, ನನ್ನನ್ನು ಇಪ್ಪತ್ತು ನಡೆಯಲ್ಲಿ ಮುಗಿಸಿದಳು.

ಅವಳಿಗೇ ನಂಬಿಕೆ ಬರಲಿಲ್ಲ. "ಅಕ್ಕ, ಆಗೋಯ್ತಾ? ನೋಡಿ ಸರ್ಯಾಗಿ, ಎಲ್ಲಾದ್ರೂ ಸಂದಿ ಇರ್ತದೆ" ಎಂದು ನನ್ನ ರಾಜನಿಗೆ ಓಡಲು ದಾರಿ ಹುಡುಕಿದಳು. ನನಗಿಂತ ಹೆಚ್ಚು ಅಕ್ಕರೆಯಿಂದ ಹುಡುಕಿದಳು. ಸಂದಿ ಇರಲಿಲ್ಲ. ಹೆಡ್‌ಮಾಸ್ಟರು ಎದ್ದು ಬಂದು ಹಲಗೆ ನೋಡಿ, "ಪರವಾಗಿಲ್ವೇ, ಶಿಷ್ಯೆ ಗುರುವನ್ನೇ ಕೆಡವಿಬಿಟ್ಟಳಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅದೇ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಗೆಲ್ಲುತ್ತಿದ್ದೆ, ಒಂದು ಸಲವೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನಾನೂ ತಟ್ಟಿದೆ. ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಮನೆಗೆ ಬಂದು ಅಕ್ಕಿ ತೊಳೆಯುವಾಗ ಅತ್ತುಬಿಟ್ಟೆ.

ಅಂದಿನಿಂದ ಅವಳಲ್ಲಿ ನನಗೆ ಕಾಣುತ್ತಿದ್ದುದೆಲ್ಲ ಬೇರೆಯಾಯಿತು. ಅವಳು ಯೋಚಿಸುವಾಗ ಕೆಳತುಟಿ ಕಚ್ಚುವುದು ನನಗೆ ಬಡಿವಾರವಾಗಿ ಕಂಡಿತು. ಅವಳ ನಗು ಅಣಕವಾಗಿ ಕೇಳಿಸಿತು. ಹೊಸದಾಗಿ ಕಲಿತವಳು, ಒಂದು ಪುಸ್ತಕ ತೆರೆದವಳಲ್ಲ, ದನ ಕಟ್ಟಿ ಬಂದು ಕೂತು ಆಡುತ್ತಾಳೆ. ನಾನು ನಲವತ್ತು ವರ್ಷ ತಲೆ ಸವೆಸಿದ್ದೇನೆ. ನ್ಯಾಯವೇ ಇದು? ಬಸ್ಸಿನಲ್ಲಿ ಒಮ್ಮೆ ಕೇಳಿಯೂ ಬಿಟ್ಟೆ.

"ನೀನು ನಡೆ ಹೇಗೆ ಯೋಚಿಸ್ತೀಯಾ?"

"ಗೊತ್ತಿಲ್ಲ ಕಣಕ್ಕ. ನೋಡ್ತಾ ಕೂತ್ರೆ ಅದೇ ಕಾಣ್ತದೆ."

ಅದೇ ಕಾಣುತ್ತದಂತೆ! ನನಗೆ ಯಾವತ್ತೂ ಯಾವುದೂ ಅದೇ ಕಂಡದ್ದಿಲ್ಲ. ಗಾಣ ತಿರುಗಿಸಿದ ಹಾಗೆ ತಿರುಗಿಸಿ ತಿರುಗಿಸಿ ಕಂಡುಕೊಳ್ಳಬೇಕು.

ಮಂಡ್ಯದ ಕ್ರೀಡಾಕೂಟಕ್ಕೆ ಅರ್ಜಿ ಕರೆದಾಗ ನಾನು ಅವಳಿಗೆ ಹೇಳಲಿಲ್ಲ. ಹೇಳಿದವರು ನಮ್ಮ ಹೆಡ್‌ಮಾಸ್ಟರು, ಅವಳು ಕೊಡಬೇಕಿದ್ದ ಮಾತ್ರೆಯ ಲೆಕ್ಕ ಕೇಳಲು ಹೋದಾಗ. ಅವಳು ನೇರ ನನ್ನ ಹತ್ತಿರ ಬಂದಳು. "ಅಕ್ಕ, ನಾನೂ ಬರ್ಲಾ? ಇಬ್ರೂ ಜೊತೇಲಿ ಓಗ್ಬರಣ. ಫಾರಮ್ಮು ನೀವೇ ತುಂಬ್ಬುಡಿ, ನನ್ನ ಅಕ್ಷರ ಡಾಕ್ಟ್ರುದ್ದಕ್ಕಿಂತ ಕೆಟ್ಟದು." ತುಂಬಿದೆ. ಅವಳ ಹೆಸರು, ಇಲಾಖೆ ಎಲ್ಲ ಬರೆದೆ. ಫೋನ್ ನಂಬರಿನ ಜಾಗದಲ್ಲಿ, ಇಬ್ಬರದ್ದಕ್ಕೂ ಒಂದೇ ಇರಲಿ ಎಂದು ನನ್ನದೇ ಬರೆದೆ. ಆಗ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಇದಾದ ಮೇಲಿನದಕ್ಕೆ ಈ ಮಾತು ಹೇಳಲಾರೆ.

ದೇಶವೆಲ್ಲ ಚೆಸ್ ಚೆಸ್ ಎನ್ನುತ್ತಿದ್ದ ಕಾಲ ನೋಡಿ, ಮಂಡ್ಯದವರಿಗೂ ಹುರುಪು ಬಂದಿತ್ತು. ಹಿಂದೆಲ್ಲ ಯಾರೋ ಡ್ರಿಲ್ ಮೇಷ್ಟರು ಬಂದು ಕೂತು ಪೇಪರು ಓದುತ್ತಿದ್ದರು, ಅವರೇ ತೀರ್ಪುಗಾರರು. ಈ ಸಲ ಮೈಸೂರಿನಿಂದ ಪರೀಕ್ಷೆ ಪಾಸಾದ ತೀರ್ಪುಗಾರರು ಬರುತ್ತಾರೆ, ನಡೆ ಮುಗಿದಾಗಲೆಲ್ಲ ಗುಂಡಿ ಒತ್ತುವ ಗಡಿಯಾರ ಇರುತ್ತದೆ ಎಂದು ವಾಟ್ಸಾಪಿನಲ್ಲಿ ಬಂತು. ಹಿಂದೆಯೇ ನಾಲ್ಕು ಪುಟದ ನಿಯಮಾವಳಿ. ಕೂಟಕ್ಕೆ ಇನ್ನೂ ಮೂರು ವಾರವಿತ್ತು. ಭಾನುವಾರ ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಓದಿದೆ. ಮೂರನೇ ಪುಟದಲ್ಲಿತ್ತು: ಕಾಲಾಳು ಕಡೆಯ ಮನೆ ಮುಟ್ಟಿದಾಗ ಆನೆಯನ್ನು ಬೋರಲು ಇಟ್ಟು ಆಟ ಮುಂದುವರಿಸಿದರೆ ಅದು ಆನೆಯೇ, ಬಾಯಲ್ಲಿ ಮಂತ್ರಿ ಎಂದರೂ ಆನೆಯೇ. ಅದನ್ನು ಓರೆಗೆ ನಡೆಸಿದರೆ ತಪ್ಪು ನಡೆ. ಮಂತ್ರಿ ಕೈಗೆ ಸಿಗದಿದ್ದರೆ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕೇಳಿ ಪಡೆಯಬೇಕು.

ನನಗೆ ಮೊದಲು ಬಂದದ್ದು ಅಪ್ಪನ ಮೇಲೆ ಸಿಟ್ಟು. ಎರಡನೆಯದು ಬೇರೆ.

ಕೂಟದ ದಿನ, ಸಮಯ, ಸ್ಥಳ ಇದ್ದ ಸಂದೇಶವನ್ನು ಅವಳಿಗೆ ಕಳಿಸಿದೆ. ನಾಲ್ಕು ಪುಟದ್ದನ್ನು ಕಳಿಸಲಿಲ್ಲ. ಕಳಿಸಲು ಬೆರಳು ಒಯ್ದೆ, ತೆಗೆದೆ. ಸಂಜೆ ಕಳಿಸಿದರಾಯಿತು ಎಂದುಕೊಂಡೆ. ಸಂಜೆ ನಾಳೆ ಎಂದುಕೊಂಡೆ. ಆ ಮೂರು ವಾರ ದಿನವೂ ಊಟದ ಬಿಡುವಿನಲ್ಲಿ ಅವಳ ಜೊತೆ ಆಡಿದೆ. ಅವಳು ಆನೆಯನ್ನು ಬೋರಲು ಹಾಕಿದಾಗಲೆಲ್ಲ ಸುಮ್ಮನಿದ್ದೆ. ಒಂದು ಸಲ "ಚೆನ್ನಾಗಿ ಹಾಕಿದೆ" ಎಂದೂ ಹೇಳಿದೆ.

ಮಂಡ್ಯದಲ್ಲಿ ಆ ಸಲ ಒಂಬತ್ತು ಜನ ಬಂದಿದ್ದರು. ತೀರ್ಪುಗಾರ ಎಳೆಯ ವಯಸ್ಸಿನವನು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಯಾರ ಜೊತೆಯೂ ಮಾತಿಲ್ಲ. "ನಿಯಮ ಎಲ್ಲರೂ ಓದಿದ್ದೀರಲ್ಲ?" ಎಂದು ಒಂದು ಮಾತು ಕೇಳಿದ. ಎಲ್ಲರೂ ಹೂಂ ಎಂದರು. ಅವಳೂ ಹೂಂ ಎಂದಳು, ಎಲ್ಲರೂ ಎನ್ನುತ್ತಿದ್ದಾರಲ್ಲ ಎಂದು. ಮಧ್ಯಾಹ್ನದ ಹೊತ್ತಿಗೆ ಅವಳೂ ನಾನೂ ಮಿಕ್ಕವರನ್ನೆಲ್ಲ ಸೋಲಿಸಿದ್ದೆವು. ಕಡೆಯ ಆಟ ನಮ್ಮಿಬ್ಬರದು. ಊಟದ ಪೊಟ್ಟಣದಲ್ಲಿದ್ದ ಸಿಹಿಯನ್ನು ಅವಳು ನನ್ನ ಎಲೆಗೆ ಹಾಕಿ, "ತಿನ್ನಿ ಅಕ್ಕ, ಸಕ್ರೆ ತಲೆಗೆ ಓಗ್ಲಿ. ಆಮೇಲೆ ಸೋತೆ ಅನ್ಬೇಡಿ" ಎಂದು ಚುಡಾಯಿಸಿದಳು. ತಿಂದೆ.

ಆಟದಲ್ಲಿ ಅವಳದೇ ಮೇಲುಗೈ ಎಂದು ಒಪ್ಪಿಕೊಳ್ಳುತ್ತೇನೆ. ಮಂತ್ರಿಗಳೆರಡೂ ಬೇಗ ಸತ್ತವು. ಕಾಯಿಗಳು ಕರಗುತ್ತ ಬಂದು ಕಡೆಗೆ ಓಟದ ಪಂದ್ಯದ ಹಾಗಾಯಿತು. ಅವಳ ಒಂದು ಕಾಲಾಳು ನನ್ನ ಕಡೆಗೆ, ನನ್ನದೊಂದು ಅವಳ ಕಡೆಗೆ. ಅವಳು ಒಂದು ಹೆಜ್ಜೆ ಮುಂದಿದ್ದಳು. ಕಡೆಯ ಮನೆಗೆ ಕಾಲಾಳನ್ನು ಇಟ್ಟಳು. ಅವಳ ಸತ್ತ ಮಂತ್ರಿ ಮೇಜಿನ ಮೇಲೆ, ಅವಳ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಬಿದ್ದಿತ್ತು. ಅವಳ ಕೈ ಅದರ ಮೇಲಿಂದಲೇ ಹಾದುಹೋಯಿತು. ಪಕ್ಕದಲ್ಲಿದ್ದ ಆನೆಯನ್ನು ಎತ್ತಿ, ಬೋರಲು ಹಾಕಿ, "ಮಂತ್ರಿ" ಎಂದು ಮೆಲ್ಲಗೆ ಹೇಳಿ ಗಡಿಯಾರ ಒತ್ತಿದಳು.

ಆಗಲೂ ಹೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ನನ್ನ ಕಾಲಾಳನ್ನು ಒಂದು ಹೆಜ್ಜೆ ಮುಂದೆ ನಡೆಸಿ ಗಡಿಯಾರ ಒತ್ತಿದೆ. ನಂತರ ಅವಳ ಕೈಯನ್ನೇ ನೋಡುತ್ತ ಕಾದೆ. ಹದಿನೆಂಟು ವರ್ಷದಲ್ಲಿ ಹಾಗೆ ಕಾದದ್ದೇ ಇಲ್ಲ. ಅವಳು ಕೆಳತುಟಿ ಕಚ್ಚಿದಳು. ಬೋರಲು ಆನೆಯನ್ನು ಹಿಡಿದು ಮೂಲೆಯಿಂದ ಮೂಲೆಗೆ ಓರೆಗೆ ತಂದು, ನನ್ನ ಕಾಲಾಳಿನ ದಾರಿಗೆ ಅಡ್ಡ ಇಟ್ಟಳು.

ನಾನು ಗಡಿಯಾರ ನಿಲ್ಲಿಸಿ ಕೈ ಎತ್ತಿದೆ.

ತೀರ್ಪುಗಾರ ಬಂದ, ನೋಡಿದ. ಇದು ಆನೆ, ಓರೆಗೆ ನಡೆಯುವ ಹಾಗಿಲ್ಲ, ತಪ್ಪು ನಡೆ ಎಂದ. ನನಗೆ ಎರಡು ನಿಮಿಷ ಹೆಚ್ಚಿಗೆ ಕೊಟ್ಟ. ಮುಟ್ಟಿದ ಕಾಯಿಯನ್ನೇ ನೇರಕ್ಕೆ ನಡೆಸಬೇಕು ಎಂದ. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಕ್ಕ, ಇದು ಮಂತ್ರಿ ಅಲ್ವಾ?" ಎಂದಳು. ಮಗು ಕೇಳಿದ ಹಾಗೆ ಕೇಳಿದಳು. ನಾನು ಹಲಗೆ ನೋಡುತ್ತ, "ಅವರು ಹೇಳಿದ ಮೇಲೆ ಮುಗೀತಲ್ಲ" ಎಂದೆ. ಆನೆಯ ನೇರ ದಾರಿಗಳಲ್ಲಿ ಒಂದಕ್ಕೆ ಅವಳದೇ ರಾಜ ಅಡ್ಡ, ಇನ್ನೊಂದಕ್ಕೆ ನನ್ನ ಕುದುರೆ ಅಡ್ಡ. ಎಲ್ಲೋ ಒಂದು ಕಡೆ ಇಟ್ಟಳು. ನನ್ನ ಕಾಲಾಳು ಮಂತ್ರಿಯಾಯಿತು. ನಾನು ಸತ್ತ ಮಂತ್ರಿಯನ್ನೇ ಎತ್ತಿ ಇಟ್ಟೆ. ಆರು ನಡೆಯಲ್ಲಿ ಮುಗಿಯಿತು.

ಮಂಡ್ಯದಿಂದ ಮಳವಳ್ಳಿಗೆ ನೇರ ಬಸ್ಸು ತಪ್ಪಿಹೋಗಿ ಮದ್ದೂರಿಗೆ ಬಂದು ಬಸ್ಸು ಬದಲಾಯಿಸಬೇಕಾಯಿತು. ನಿಲ್ದಾಣದಲ್ಲಿ ಅವಳು "ಗೆದ್ದೋರ್ಗೆ ನಾನು ವಡೆ ಕೊಡುಸ್ತೀನಿ" ಎಂದು ಓಡಿಹೋಗಿ ಬಿಸಿ ವಡೆ ತಂದಳು. ಇನ್ನೂ ಬೆಳಕಿತ್ತು. ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ನನ್ನ ತೊಡೆಯ ಮೇಲೆ ಮೊದಲ ಬಹುಮಾನದ ಫಲಕ. ಅವಳಿಗೆ ಬಂದ ಸ್ಟೀಲ್ ಬಟ್ಟಲಿನಲ್ಲಿ ವಡೆ ಇಟ್ಟುಕೊಂಡು ತಿನ್ನುತ್ತಿದ್ದಳು.

"ನಿಮಗೂ ಗೊತ್ತಿರ್ನಿಲ್ಲ ಅಲ್ವಾ, ಆ ರೂಲ್ಸು? ಅವನು ಅಂದಾಗ ನಿಮ್ಮ ಮಕ ನೋಡ್ದೆ, ಬೆಳ್ಳಗಾಗೋಗಿತ್ತು."

"ಓರೆಗೆ ನಡೆಸಿದೆಯಲ್ಲ, ಏನೋ ಅನುಮಾನ ಬಂದು ಕೈ ಎತ್ತಿದೆ. ಸರಿಯಾಗಿ ಗೊತ್ತಿರಲಿಲ್ಲ" ಎಂದೆ.

"ಬುಡಿ ಮತ್ತೆ. ನಿಮ್ಮಪ್ಪಾರ್ದು ಒಳ್ಳೆ ರೂಲ್ಸು, ಇವರ್ದು ಸರಿಯಿಲ್ಲ" ಎಂದು ನನ್ನ ಅಪ್ಪನ ಪರವಾಗಿ ಮಾತಾಡಿದಳು. ಆಮೇಲೆ ಆನೆಯನ್ನು ಎಲ್ಲಿ ಇಟ್ಟಿದ್ದರೆ ಉಳಿಯುತ್ತಿತ್ತು ಎಂದು ನೋಡುವ ಹುಕಿ ಬಂತು ಅವಳಿಗೆ. ಅವಳ ಫೋನು ಸತ್ತಿತ್ತು. ನನ್ನದನ್ನು ಕೇಳಿದಳು. ಯೋಚಿಸದೆ ಕೊಟ್ಟೆ. ಅವಳು ಕಾಯಿ ಜೋಡಿಸುತ್ತಿರುವಾಗಲೇ ಟಿಂಗ್ ಎಂದು ಸಂದೇಶ ಬಂತು.

"ಅಕ್ಕ, ಮಂಡ್ಯದವ್ರು ನಿಮ್ಗೆ ಅಬಿನಂದ್ನೆ ಕಳ್ಸವ್ರೆ, ಓದ್ತೀನಿ ತಡೀರಿ" ಎಂದು ತೆರೆದು, ಜೋರಾಗಿ ಓದಿದಳು. ಓದಿ ಮುಗಿಸಿದ ಮೇಲೂ ಅವಳ ಹೆಬ್ಬೆರಳು ಅವರ ಹಿಂದಿನ ಸಂದೇಶಗಳನ್ನು ಸರಿಸುತ್ತ ಪರದೆಯ ಮೇಲೆ ಆಡುತ್ತಿತ್ತು. ಅದು ನಿಂತಿತು. ನಾನು ಕಿಟಕಿಯ ಕಡೆ ತಿರುಗಿದೆ. ಎರಡೂ ಬದಿ ಕಬ್ಬಿನ ಗದ್ದೆ. ಕೆ.ಎಂ. ದೊಡ್ಡಿ ಬರುವವರೆಗೆ ಅವಳು ತಲೆ ಎತ್ತಲಿಲ್ಲ. ನಾಲ್ಕು ಪುಟ ಓದಲು ಅಷ್ಟು ಹೊತ್ತು ಬೇಕಾಗಿಲ್ಲ.

ಫೋನನ್ನು ನನ್ನ ಕೈಗೆ ಇಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು, ನೀನು ಯಾಕೆ ಹೂಂ ಎಂದೆ, ಓದಿಲ್ಲ ಎನ್ನಬೇಕಿತ್ತು ಎಂದು ಜಗಳಕ್ಕೇ ಬೀಳುತ್ತಿದ್ದೆ. ಅವಳು ಬಟ್ಟಲಿನಲ್ಲಿ ಉಳಿದಿದ್ದ ವಡೆಯ ಚೂರನ್ನು ಬಾಯಿಗೆ ಹಾಕಿಕೊಂಡು, ನಿಧಾನ ಅಗಿದು ನುಂಗಿ, ನನ್ನ ಕಡೆ ತಿರುಗಿದಳು.

"ಕೇಳಿದ್ರೆ ನಾನೇ ಬುಟ್ಕೊಡ್ತಿದ್ನಲ್ಲಕ್ಕ" ಎಂದಳು. "ನಂಗೇನು, ನಿಮ್ ಜೊತೆ ಆಡಕ್ ಬಂದಿದ್ದು."

ಅಷ್ಟೇ. ಮಳವಳ್ಳಿಯಲ್ಲಿ ಇಳಿದು, ಬತ್ತೀನಿ ಎಂದು ಹೇಳಿ, ಪೂರಿಗಾಲಿ ಬಸ್ಸಿಗೆ ಓಡಿದಳು.

ನಾಚಿಕೆ ಆಯಿತೆಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ನಾಚಿಕೆಯೂ ಆಯಿತು. ಆದರೆ ಮೊದಲು ಆದದ್ದು ಅದಲ್ಲ. ಮದ್ದೂರಿನವರ ಮೇಲೆ, ಟಿ.ವಿ.ಯಲ್ಲಿ ಬಂದ ಆ ಹುಡುಗನ ಮೇಲೆ, ಸಿಬ್ಬಂದಿ ಕೋಣೆಯ ಚಪ್ಪಾಳೆಯ ಮೇಲೆ ನನಗೆ ಬಂದಿದ್ದ ಹೊಟ್ಟೆಕಿಚ್ಚನ್ನೆಲ್ಲ ಒಟ್ಟು ಸೇರಿಸಿದರೂ ಆ ಗಳಿಗೆಯಲ್ಲಿ ಬಂದದ್ದಕ್ಕೆ ಸಮವಾಗುತ್ತಿರಲಿಲ್ಲ. ನಾನು ಹದಿನೆಂಟು ವರ್ಷ ಬಾಯಿಬಿಟ್ಟುಕೊಂಡು ಕಾದು, ಕಡೆಗೆ ಕದ್ದು ತಂದದ್ದು, ಅವಳಿಗೆ ವಡೆ ಕೊಡಿಸಿದಷ್ಟೇ ಸಲೀಸಾಗಿ ಕೊಟ್ಟುಬಿಡುವಂಥದ್ದಾಗಿತ್ತು. ಕೊಡುತ್ತಿದ್ದಳು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕೊಟ್ಟು, ಮಾರನೆಯ ದಿನ ಬಸ್ಸಿನಲ್ಲಿ ನಗುತ್ತ ಫೋನು ಹಿಡಿದು ಕೂರುತ್ತಿದ್ದಳು.

ರಾಜ್ಯಮಟ್ಟದ ಕೂಟಕ್ಕೆ ಹೋದೆ. ಹೋಗಲಿಲ್ಲ ಎಂದು ಯಾಕೆ ಸುಳ್ಳು ಹೇಳಲಿ? ಅಲ್ಲಿ ಒಂದು ಆಟವನ್ನೂ ಗೆಲ್ಲಲಿಲ್ಲ. ವಾಪಸು ಬಂದ ದಿನ ಊಟದ ಬಿಡುವಿನಲ್ಲಿ ಹಲಗೆ ಹಾಕಿಕೊಂಡು ಕೂತೆ. ಅವಳು ಬರಲಿಲ್ಲ. ಎದುರಿನ ಆರೋಗ್ಯ ಕೇಂದ್ರದ ಜಗಲಿಯಲ್ಲಿ, ಚುಚ್ಚುಮದ್ದಿಗೆ ಬಂದ ಬಾಣಂತಿಯೊಬ್ಬಳನ್ನು ಎದುರು ಕೂರಿಸಿಕೊಂಡು, ಕುದುರೆ ಹೇಗೆ ನಡೆಯುತ್ತದೆ ಎಂದು ಹೇಳಿಕೊಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನಾನು ಬಿಡುವು ಮುಗಿಯುವವರೆಗೂ ಕಿಟಕಿಯಲ್ಲಿ ನಿಂತು ಆ ಬಾಣಂತಿಯನ್ನೇ ನೋಡಿದೆ.